ಜೂಜಿನ ಮನೆಗೆ ಹೋಗೋ ದಾರಿ ಯಾರ ಮನೆ ಮೇಲೆ?

(ವಿದ್ಯಾರ್ಥಿ ನಿಲಯದ ಗೆಳೆಯರ ಸಭೆಯಲ್ಲಿ ಆಡಿದ ಮಾತು)

ಗೆಳೆಯರೇ,

ಹಾಸ್ಟೆಲಿನಲ್ಲಿ ಭಾನುವಾರ ಊಟ ಮುಗಿದ ಮೇಲೆ ನಾವು ಬಿಸಿನೆಸ್ ಆಟ ಆಡುತ್ತೇವೆ. ದಾಳ ಉರುಳಿಸೋದು, ಕಾಗದದ ನೋಟು ಎಣಿಸೋದು, ಊರು ಕೊಳ್ಳೋದು, ಬಾಡಿಗೆ ಕೀಳೋದು. ಜೇಬಿನಲ್ಲಿ ಟೀ ಕುಡಿಯೋಕೆ ಕಾಸಿಲ್ಲದಿದ್ದರೂ ಆ ಹೊತ್ತು ನಾವೂ ಸಾಹುಕಾರರೇ. ಈ ಆಟದ ಮೂಲ ಅಮೆರಿಕಾದ ಮೊನಾಪಲಿ. ಅಲ್ಲಿನ ಕಂಪನಿಯೊಂದು 1935ರಲ್ಲಿ ಅದನ್ನು ಮಾರುಕಟ್ಟೆಗೆ ತಂತು. ಅದರ ಹಲಗೆಯ ಮೇಲಿರುವ ಬೀದಿಗಳ ಹೆಸರು ಬಹುಪಾಲು ಒಂದೇ ಊರಿನವು. ಆ ಊರು ನ್ಯೂಜೆರ್ಸಿ ರಾಜ್ಯದ ಕಡಲ ದಂಡೆಯ ಅಟ್ಲಾಂಟಿಕ್ ಸಿಟಿ. ಹಲಗೆಯಲ್ಲಿ ಎಲ್ಲಕ್ಕಿಂತ ದುಬಾರಿ ಬೋರ್ಡ್‌ವಾಕ್, ಅಂದರೆ ಸಮುದ್ರದ ಪಕ್ಕದ ಮರದ ಹಾಸಿನ ಹಾದಿ. ಎಲ್ಲಕ್ಕಿಂತ ಅಗ್ಗ ಮೆಡಿಟರೇನಿಯನ್ ಮತ್ತು ಬಾಲ್ಟಿಕ್. ಬಾಲ್ಟಿಕ್ ಬೀದಿ ಹಾದು ಹೋಗುತ್ತಿದ್ದದ್ದು ಕಪ್ಪು ಜನರ ಕೇರಿಯಲ್ಲಿ. ಯಾರ ಕೇರಿಗೆ ಎಷ್ಟು ಬೆಲೆ ಅಂತ ಆಟದ ಹಲಗೆಗೂ ಗೊತ್ತಿತ್ತು.

ಆ ಊರನ್ನು ಕಟ್ಟಿ ನಿಲ್ಲಿಸಿದವರೇ ಕಪ್ಪು ಜನ. ಹೋಟೆಲಿನ ಹಾಸಿಗೆ ಮಡಚಿದವರು, ಪಾತ್ರೆ ತೊಳೆದವರು, ಬಿಳಿಯರನ್ನು ಚಕ್ರದ ಕುರ್ಚಿಯಲ್ಲಿ ಕೂರಿಸಿ ಕಡಲ ಗಾಳಿ ತಿನ್ನಿಸಲು ತಳ್ಳಿಕೊಂಡು ಹೋದವರು ಅವರು. ಆದರೆ ಅವರ ವಾಸ ರೈಲು ಹಳಿಯ ಆಚೆ, ನಾರ್ತ್‌ಸೈಡ್‌ನಲ್ಲಿ. ಸಮುದ್ರದಲ್ಲಿ ಮೀಯೋಕೂ ಅವರಿಗೆ ಬೇರೆ ದಂಡೆ. ಸಮುದ್ರವನ್ನೇ ಪಾಲು ಮಾಡಿದ್ದರು ನೋಡಿ! ಬಾವಿಯನ್ನು ಪಾಲು ಮಾಡಿದ ಊರುಗಳಿಂದ ಬಂದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1964ರ ಆಗಸ್ಟಿನಲ್ಲಿ ಇದೇ ಊರಿನಲ್ಲಿ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನ ನಡೀತು. ಮಿಸಿಸಿಪ್ಪಿಯ ಹತ್ತಿ ಹೊಲದ ಕೂಲಿಯಾಗಿದ್ದ ಫ್ಯಾನಿ ಲೂ ಹೇಮರ್ ಅಲ್ಲಿಗೆ ಬಂದರು. ಮತದಾನದ ಹಕ್ಕು ಕೇಳಿದ್ದಕ್ಕೆ ಜೈಲಿನಲ್ಲಿ ತನ್ನನ್ನು ಹೇಗೆ ಬಡಿದರು ಅಂತ ಇಡೀ ದೇಶಕ್ಕೆ ಕೇಳುವ ಹಾಗೆ ಹೇಳಿದರು.

ಮುಂದೆ ಪ್ರವಾಸಿಗಳು ವಿಮಾನ ಹತ್ತಿ ಬೇರೆ ಕಡೆ ಹೋಗತೊಡಗಿದರು. ಊರು ಸೊರಗಿತು. ಆಗ ಕ್ಯಾಸಿನೊ ಬಂದರೆ ಎಲ್ಲ ಸರಿಹೋಗುತ್ತೆ ಅಂದರು. 1974ರಲ್ಲಿ ರಾಜ್ಯದ ಜನ ಬೇಡ ಅಂತ ಮತ ಹಾಕಿದರು. 1976ರಲ್ಲಿ ಪ್ರಶ್ನೆಯನ್ನು ತಿರುಗಿಸಿ ಕೇಳಿದರು: ಜೂಜು ಈ ಒಂದು ಊರಿನಲ್ಲಿ ಮಾತ್ರ, ಬಂದ ತೆರಿಗೆ ಮುದುಕರಿಗೆ ಮತ್ತು ಅಂಗವಿಕಲರಿಗೆ. ಜನ ಒಪ್ಪಿದರು. 1978ರ ಮೇ 26ರಂದು ಮೊದಲ ಕ್ಯಾಸಿನೊ ಬಾಗಿಲು ತೆರೆಯಿತು.

ಊರು ಬದುಕಿತೇ? 1970ರಲ್ಲಿ ಅಲ್ಲಿ 47 ಸಾವಿರಕ್ಕೂ ಹೆಚ್ಚು ಜನ ಇದ್ದರು. 1980ಕ್ಕೆ 40 ಸಾವಿರ. 1990ಕ್ಕೆ 38 ಸಾವಿರಕ್ಕೂ ಕಡಿಮೆ. ಕ್ಯಾಸಿನೊ ಬರೋದಕ್ಕೆ ಮುಂಚೆಯೇ ಜನ ಹೊರಡುತ್ತಿದ್ದರು ಅನ್ನೋದು ನಿಜ. ಆದರೆ ಬಂದ ಮೇಲೂ ಅದು ನಿಲ್ಲಲಿಲ್ಲ. ಇನ್‌ಲೆಟ್ ಅನ್ನೋ ಬಡವರ ಬಡಾವಣೆಯಲ್ಲಿ ಭೂಮಿ ಬೆಲೆ ಏರುತ್ತೆ ಅಂತ ಸಟ್ಟಾ ವ್ಯಾಪಾರಿಗಳು ನುಗ್ಗಿದರು. ಮನೆಗಳು ಹೋಗಿ ಬಯಲಾಯಿತು. ಕಟ್ಟುತ್ತೇವೆ ಅಂದವರು ಬಹಳ ಕಾಲ ಬರಲೇ ಇಲ್ಲ.

ಈಗ ದಾರಿಯ ಮಾತಿಗೆ ಬರೋಣ. ಇವತ್ತಿನ ಮುಖ್ಯ ವಿಷಯ ಅದೇ.

ಕ್ಯಾಸಿನೊ ಕಟ್ಟುವವರ ಲೆಕ್ಕ ಸರಳ. ಗಿರಾಕಿ ಹೆದ್ದಾರಿಯಿಂದ ಇಳಿದು ನೇರ ಕ್ಯಾಸಿನೊದ ಕಾರ್ ನಿಲ್ದಾಣಕ್ಕೆ ಬರಬೇಕು. ಅಲ್ಲಿಂದ ನೇರ ಜೂಜಿನ ಮೇಜಿಗೆ. ಊಟ, ನಿದ್ದೆ, ಅಂಗಡಿ, ಹಾಡು ಎಲ್ಲ ಒಂದೇ ಸೂರಿನ ಕೆಳಗೆ. ಜೂಜಿನ ಹಜಾರಕ್ಕೆ ಕಿಟಕಿ ಇಡೋದಿಲ್ಲ, ಗೋಡೆಗೆ ಗಡಿಯಾರ ಹಾಕೋದಿಲ್ಲ. ಹೊರಗೆ ಒಂದು ಊರಿದೆ ಅನ್ನೋದೇ ಅವನಿಗೆ ಗೊತ್ತಾಗಬಾರದು. 1980ರ ದಶಕದಲ್ಲಿ ನ್ಯೂಯಾರ್ಕ್, ಫಿಲಡೆಲ್ಫಿಯಾ ಕಡೆಯಿಂದ ಬಸ್ಸುಗಟ್ಟಲೆ ಮುದುಕರು ಬರ್ತಿದ್ದರು. ಬಸ್ ಇಳಿದವರ ಕೈಗೆ ಕ್ಯಾಸಿನೊದವರೇ ಒಂದಿಷ್ಟು ನಾಣ್ಯ ಕೊಡ್ತಿದ್ದರು. ಅದನ್ನು ಯಂತ್ರಕ್ಕೆ ಹಾಕಿ, ಜೊತೆಗೆ ಪಿಂಚಣಿ ದುಡ್ಡನ್ನೂ ಹಾಕಿ, ಸಂಜೆ ಅದೇ ಬಸ್ಸಲ್ಲಿ ವಾಪಸ್ಸು. ಬಸ್ಸಿನ ಹೊಗೆ ಊರಿಗೆ, ಕಾಸು ಕಂಪನಿಗೆ. ಎರಡು ಬೀದಿ ಆಚೆ ಇದ್ದ ಪುಟ್ಟ ಹೋಟೆಲು, ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು.

1990ರ ದಶಕದ ನಡುವೆ ಸ್ಟೀವ್ ವಿನ್ ಅನ್ನೋ ಕ್ಯಾಸಿನೊ ಒಡೆಯ ಬಂದ. ಊರ ಹಳೇ ತಿಪ್ಪೆಯ ಜಾಗದಲ್ಲಿ ದೊಡ್ಡ ಕ್ಯಾಸಿನೊ ಕಟ್ಟುತ್ತೇನೆ, ಆದರೆ ಹೆದ್ದಾರಿಯಿಂದ ನನ್ನ ಬಾಗಿಲಿಗೆ ನೇರ ರಸ್ತೆ ಬೇಕು ಅಂದ. ರಾಜ್ಯ ಸರ್ಕಾರ ತಲೆಯಾಡಿಸಿತು. ಸುಮಾರು 4 ಕಿಲೋಮೀಟರ್ ದಾರಿ, ಅದರಲ್ಲೊಂದು ಸುರಂಗ, ಖರ್ಚು 33 ಕೋಟಿ ಡಾಲರ್. ಒಂದು ಪಾಲು ಕಂಪನಿಯದ್ದು, ಉಳಿದದ್ದು ಸಾರ್ವಜನಿಕರದ್ದು. ನಕ್ಷೆಯ ಮೇಲೆ ಗೆರೆ ಎಳೆದರು. ಗೆರೆ ಬಿದ್ದದ್ದು ವೆಸ್ಟ್‌ಸೈಡ್ ಅನ್ನೋ ಕಪ್ಪು ಜನರ ಬಡಾವಣೆಯ ಮೇಲೆ.

ವೆಸ್ಟ್‌ಸೈಡ್ ಕೊಳೆಗೇರಿ ಆಗಿರಲಿಲ್ಲ, ಗೆಳೆಯರೇ. ಓದಿ, ನೌಕರಿ ಹಿಡಿದು, ಸಾಲ ತೀರಿಸಿ ಸ್ವಂತ ಮನೆ ಮಾಡಿಕೊಂಡಿದ್ದವರ ಕೇರಿ ಅದು. ಒಂಬತ್ತು ಮನೆ ಹೋದವು. ಆ ಬೀದಿಗಿದ್ದ ಹೆಸರು ಹೊರೇಸ್ ಬ್ರಯಂಟ್. ನ್ಯೂಜೆರ್ಸಿಯ ರಾಜ್ಯಪಾಲರ ಸಂಪುಟದಲ್ಲಿ ಕೂತ ಮೊದಲ ಕಪ್ಪು ಮನುಷ್ಯ ಆತ. ಹೆಸರನ್ನು ಬೀದಿಗೆ ಇಟ್ಟು ಗೌರವಿಸಿದರು, ಆಮೇಲೆ ಬೀದಿಯನ್ನೇ ಅಗೆದರು. ಆ ಜನ ಸುಮ್ಮನೆ ಕೂರಲಿಲ್ಲ. ಸಭೆ ಮಾಡಿದರು, ಕೋರ್ಟಿಗೆ ಹೋದರು. ದಾರಿ ನಿಲ್ಲಲಿಲ್ಲ.

ಈ ರಸ್ತೆಯ ವಿರುದ್ಧ ಕೋರ್ಟಿಗೆ ಹೋದ ಇನ್ನೊಬ್ಬ ಯಾರು ಗೊತ್ತೇ? ಡೊನಾಲ್ಡ್ ಟ್ರಂಪ್. ಬಡವರ ಮೇಲಿನ ಕನಿಕರದಿಂದ ಅಲ್ಲ, ಎದುರಾಳಿಗೆ ದಾರಿ ಸಿಗುತ್ತಲ್ಲ ಅನ್ನೋ ಹೊಟ್ಟೆಕಿಚ್ಚಿನಿಂದ. ಅದೇ ಕಾಲದಲ್ಲಿ ಅವನ ಕ್ಯಾಸಿನೊ ಪಕ್ಕದಲ್ಲಿ ಒಬ್ಬ ವಿಧವೆ ಮುದುಕಿಯ ಮನೆ ಇತ್ತು. ಶ್ರೀಮಂತರ ಉದ್ದನೆಯ ಕಾರು ನಿಲ್ಲಿಸೋಕೆ ಆ ಜಾಗ ಅವನಿಗೆ ಬೇಕಿತ್ತು. ಅವನ ಪರವಾಗಿ ಮನೆ ಕಿತ್ತುಕೊಳ್ಳೋಕೆ ಹೊರಟದ್ದು ಸರ್ಕಾರದ್ದೇ ಸಂಸ್ಥೆ. ಕ್ಯಾಸಿನೊ ದುಡ್ಡನ್ನು ಊರ ಉದ್ಧಾರಕ್ಕೆ ಹಾಕಬೇಕು ಅಂತ 1984ರಲ್ಲಿ ಹುಟ್ಟಿದ ಪ್ರಾಧಿಕಾರ ಅದು! ಮುದುಕಿ ಜಗ್ಗಲಿಲ್ಲ. 1998ರಲ್ಲಿ ನ್ಯಾಯಾಧೀಶರು ಆಕೆಯ ಪರ ತೀರ್ಪು ಕೊಟ್ಟರು. ಇದು ಸಾರ್ವಜನಿಕ ಹಿತ ಅಲ್ಲ, ಒಬ್ಬ ಖಾಸಗಿಯವನ ಲಾಭ ಅನ್ನೋದು ಆ ತೀರ್ಪಿನ ಸಾರ.

ಸುರಂಗದ ದಾರಿ 2001ರ ಜುಲೈನಲ್ಲಿ ತೆರೆಯಿತು. ಅಷ್ಟು ಹೊತ್ತಿಗೆ ದಾರಿ ಕೇಳಿದ ವಿನ್ ಊರಲ್ಲೇ ಇರಲಿಲ್ಲ. 2000ದಲ್ಲಿ ಅವನ ಕಂಪನಿ ಬೇರೆಯವರ ಪಾಲಾಗಿತ್ತು. ಅವನು ಕಟ್ಟುತ್ತೇನೆ ಅಂದ ಕ್ಯಾಸಿನೊ ಏಳಲೇ ಇಲ್ಲ. ಆ ಜಾಗದಲ್ಲಿ 2003ರಲ್ಲಿ ಬೇರೆಯವರ ಬೋರ್ಗಾಟಾ ಎದ್ದಿತು. ಒಂಬತ್ತು ಮನೆಯವರಿಗೆ ಕೊಟ್ಟ ನೋಟೀಸು ಮಾತ್ರ ನಿಜವಾಯಿತು.

ರೈಲಿನ ಕತೆಯೂ ಇದೇ. 2009ರಲ್ಲಿ ಕ್ಯಾಸಿನೊ ದುಡ್ಡಿನಲ್ಲಿ ನ್ಯೂಯಾರ್ಕಿನಿಂದ ವಿಶೇಷ ರೈಲು ಬಿಟ್ಟರು. ಗಿರಾಕಿ ಸಾಲದಾದಾಗ ಮೂರೇ ವರ್ಷದೊಳಗೆ ನಿಂತಿತು. ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ಮನೆಗೆ ಹೋಗೋ ಕಸ ಗುಡಿಸುವ ಹೆಂಗಸಿಗೆ ಆ ರೈಲಿನಿಂದ ಏನೂ ಆಗಬೇಕಾಗಿರಲಿಲ್ಲ. ಅವಳಿಗೆ ಊರ ಬಸ್ಸು, ಇಲ್ಲವೇ ಜಿಟ್ನಿ. ಜಿಟ್ನಿ ಅಂದರೆ ನಮ್ಮ ಮ್ಯಾಕ್ಸಿಕ್ಯಾಬಿನ ಹಾಗೆ, ಚಾಲಕರೇ ಮಾಲೀಕರಾಗಿ ಓಡಿಸೋ ಪುಟ್ಟ ಬಸ್ಸು. 1915ರಿಂದ ಓಡ್ತಾ ಇದೆ. ಕಂಪನಿಯ ರೈಲು ನಿಂತರೂ ಜಿಟ್ನಿ ನಿಲ್ಲಲಿಲ್ಲ.

ನಾವು ಒಂದೇ ಕಣ್ಣಲ್ಲಿ ನೋಡಬಾರದು. ಕ್ಯಾಸಿನೊ ಸಾವಿರಾರು ಜನಕ್ಕೆ ಕೆಲಸ ಕೊಟ್ಟಿತು. ಅಲ್ಲಿನ ಕಾರ್ಮಿಕರು ಸಂಘ ಕಟ್ಟಿ, ಮುಷ್ಕರ ಮಾಡಿ ಕೂಲಿ, ಆಸ್ಪತ್ರೆ ಖರ್ಚು ಪಡೆದರು. ತೆರಿಗೆ ಹಣದಲ್ಲಿ ರಾಜ್ಯದ ಮುದುಕರಿಗೆ ಔಷಧಿ ಬಂತು, ಆಸ್ಪತ್ರೆಗೆ ಹೋಗೋಕೆ ವ್ಯಾನು ಬಂತು. ಅದು ಸುಳ್ಳಲ್ಲ. ಆದರೆ ಆ ವ್ಯಾನು ಓಡಿದ್ದು ಇನ್ನೊಬ್ಬ ಮುದುಕ ಯಂತ್ರದ ಮುಂದೆ ಸೋತ ದುಡ್ಡಿನಲ್ಲಿ. ಅಕ್ಕಪಕ್ಕದ ರಾಜ್ಯಗಳೂ ಕ್ಯಾಸಿನೊ ತೆರೆದಾಗ ಇಲ್ಲಿನ ಆದಾಯ ಕುಸಿಯಿತು, ವ್ಯಾನಿನ ದುಡ್ಡೂ ಕುಸಿಯಿತು. 2014ರ ಒಂದೇ ವರ್ಷದಲ್ಲಿ ನಾಲ್ಕು ಕ್ಯಾಸಿನೊ ಮುಚ್ಚಿದವು, ಸುಮಾರು 8,000 ಜನ ಬೀದಿಗೆ ಬಿದ್ದರು. ಮುಚ್ಚಿದವುಗಳಲ್ಲಿ ಮುದುಕಿಯ ಪಕ್ಕದ ಟ್ರಂಪ್ ಪ್ಲಾಜಾ ಕೂಡ ಒಂದು. 2021ರ ಫೆಬ್ರವರಿಯಲ್ಲಿ ಅದನ್ನು ಸಿಡಿಮದ್ದಿಟ್ಟು ಉರುಳಿಸಿದರು. ಇಷ್ಟೆಲ್ಲ ಆದ ಮೇಲೂ ಆ ಊರಿನವರು ದಿನಸಿ ತರೋಕೆ ಒಂದು ಒಳ್ಳೆ ದೊಡ್ಡ ಅಂಗಡಿ ಬೇಕು ಅಂತ ವರ್ಷಗಟ್ಟಲೆ ಬೇಡಿದರು. ಕೋಟಿಗಟ್ಟಲೆ ಜನ ಬಂದು ಹೋಗೋ ಊರು, ತರಕಾರಿಗೆ ಮಾತ್ರ ಪಕ್ಕದ ಊರಿಗೆ ಬಸ್ಸು.

ಅಮೆರಿಕಾದ ಕತೆ ನಮಗೆ ಯಾಕೆ ಅಂತೀರಾ? ಪಣಜಿಯ ಮಾಂಡವಿ ಹೊಳೆಯ ಮೇಲೆ ತೇಲುವ ಕ್ಯಾಸಿನೊಗಳಿಗೆ ಹುಬ್ಬಳ್ಳಿ, ಬೆಳಗಾವಿಯಿಂದ ಎಷ್ಟು ದೂರ? ಅದೂ ಹಾಗಿರಲಿ. ನಾಳೆ ನಿಮ್ಮಲ್ಲೇ ಯಾರೋ ಇಂಜಿನಿಯರ್ ಆಗ್ತೀರಿ, ತಹಸೀಲ್ದಾರ್ ಆಗ್ತೀರಿ. ನಕ್ಷೆ ನಿಮ್ಮ ಮೇಜಿನ ಮೇಲೆ ಬರುತ್ತೆ, ಪೆನ್ಸಿಲ್ ನಿಮ್ಮ ಕೈಯಲ್ಲಿರುತ್ತೆ. ಆಗ ನಾಲ್ಕು ಪ್ರಶ್ನೆ ಕೇಳಿ. ಈ ದಾರಿ ಯಾರ ಬಾಗಿಲಿನಿಂದ ಯಾರ ಬಾಗಿಲಿಗೆ? ಗೆರೆಯ ಕೆಳಗೆ ಯಾರ ಒಲೆ ಉರೀತಿದೆ? ಕಸ ಗುಡಿಸೋಳು ಇಳಿಯೋಕೆ ಇದರಲ್ಲಿ ಬಸ್ ನಿಲ್ದಾಣ ಇದೆಯಾ? ದಾರಿ ಕೇಳಿದವನು ನಾಳೆ ಓಡಿಹೋದರೆ ಸಾಲ ಯಾರ ತಲೆ ಮೇಲೆ?

ಉತ್ತರ ಸಿಗುವವರೆಗೆ ಪೆನ್ಸಿಲ್ ಕೆಳಗಿಡಿ. ಕೆಳಗಿಡೋ ಧೈರ್ಯ ಬರಲಿ ಅಂತಲೇ ನಾವು ಓದ್ತಾ ಇರೋದು.

ಜೈ ಭೀಮ್.