ಮೋಟರ್ ಕೂರಿಸಿದ ಸೈಕಲ್ಲಿನ ಹಿಂದಿನ ಚಕ್ರ

(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಸಾಫ್ಟ್‌ವೇರ್ ಇಂಜಿನಿಯರ್ ಅಲ್ಲವೇ, ಕಂಪ್ಯೂಟರ್ ಬಗ್ಗೆ ಮಾತಾಡಿ ಎಂದರು. ನಾನು ಸೈಕಲ್ ಆರಿಸಿಕೊಂಡೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದ ಮೇಲೆ ಶಾಲೆಯ ಅಂಗಳದ ತುಂಬ ಸೈಕಲ್ಲುಗಳಾದವು. ಈಗ ಹಿಂದಿನ ಚಕ್ರಕ್ಕೆ ಮೋಟರ್ ಕೂರಿಸಿಕೊಂಡು ತೋಟಕ್ಕೆ, ಡೇರಿಗೆ ಹೋಗುವವರೂ ಇದ್ದಾರೆ. 250 ವ್ಯಾಟ್, ಗಂಟೆಗೆ 25 ಕಿ.ಮೀ. ಮಿತಿಯೊಳಗಿನ ಇಂಥ ಸೈಕಲ್ಲಿಗೆ ನೋಂದಣಿ ಬೇಡ, ಲೈಸೆನ್ಸ್ ಬೇಡ. ಅಂದರೆ ತಪಾಸಣೆ ಮಾಡುವವರೂ ಇಲ್ಲ. ನಾವೇ ನೋಡಿಕೊಳ್ಳಬೇಕು.

ಮಕ್ಕಳೇ, ನ್ಯೂಟನ್ನನ ಮೂರನೇ ನಿಯಮ ನಿಮಗೆ ಬಾಯಿಪಾಠ. ಸಾಮಾನ್ಯ ಸೈಕಲ್ಲಿನಲ್ಲಿ ಅಚ್ಚು ಬರೀ ಭಾರ ಹೊರುತ್ತದೆ. ಇಲ್ಲಿ ಮೋಟರ್ ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ, ಅಷ್ಟೇ ಬಲದಿಂದ ತನ್ನ ಅಚ್ಚನ್ನು ಹಿಂದಕ್ಕೆ ತಿರುಗಿಸಲು ನೋಡುತ್ತದೆ. ಅದಕ್ಕೇ ಅಚ್ಚಿನ ಎರಡು ಬದಿ ಚಪ್ಪಟೆಯಾಗಿರುತ್ತವೆ. ಫ್ರೇಮಿನ ಸೀಳು ಅದನ್ನು ಹಿಡಿದಿರುತ್ತದೆ. ನಟ್ಟು ಸಡಿಲವಾದರೆ ಅಚ್ಚೇ ಸುತ್ತುತ್ತದೆ, ಅದರೊಳಗಿಂದ ಬರುವ ತಂತಿ ಕಿತ್ತುಹೋಗುತ್ತದೆ, ಓಡುತ್ತಿರುವಾಗಲೇ ಚಕ್ರ ಕಳಚಬಹುದು.

ಮೊದಲ ಮಾತು: ಬರೀ ಪಂಕ್ಚರ್ ಆದರೆ ಚಕ್ರ ಬಿಚ್ಚಲೇಬೇಡಿ. ನಮ್ಮ ಸೈಕಲ್ ಶಾಪಿನವರು ಮಾಡುವಂತೆ ಟಯರಿನ ಒಂದು ಬದಿ ಬಿಡಿಸಿ, ಟ್ಯೂಬ್ ಎಳೆದು ಪ್ಯಾಚ್ ಹಾಕಿದರೆ ಸಾಕು. ಟ್ಯೂಬ್, ಟಯರ್ ಬದಲಿಸಲು ಮಾತ್ರ ಬಿಚ್ಚಬೇಕು.

ಬಿಚ್ಚುವಾಗ ಮೊದಲು ಸ್ವಿಚ್ ಆಫ್ ಮಾಡಿ ಬ್ಯಾಟರಿ ತೆಗೆದಿಡಿ. ಸೈಕಲ್ ತಲೆಕೆಳಗಾಗಿಸುವ ಮುನ್ನ ಹ್ಯಾಂಡಲ್ಲಿನ ಸ್ವಿಚ್ಚುಗಳು ನೆಲಕ್ಕೆ ತಾಗದಂತೆ ಗೋಣಿಚೀಲ ಮಡಚಿ ಇಡಿ. ಮೋಟರಿನ ತಂತಿಯ ಜೋಡಣೆಯನ್ನು ನೇರವಾಗಿ ಎಳೆಯಿರಿ. ತಿರುಚಿದರೆ ಒಳಗಿನ ಪಿನ್ನುಗಳು ಬಾಗುತ್ತವೆ. ಬ್ರೇಕ್ ಸಡಿಲಿಸಿ. ಈಗ ಮೊಬೈಲಿನಲ್ಲಿ ಅಚ್ಚಿನ ಎರಡೂ ಬದಿಯ ಫೋಟೋ ತೆಗೆಯಿರಿ. ನಟ್ಟಿಗೆ ಸಾಮಾನ್ಯವಾಗಿ 18 ನಂಬರ್ ಸ್ಪ್ಯಾನರ್ ಬೇಕು. ಕಳಚಿದ ವಾಷರ್‌ಗಳನ್ನು ಬದಿಗೊಂದರಂತೆ ಎರಡು ದಾರಗಳಲ್ಲಿ, ಬಂದ ಕ್ರಮದಲ್ಲೇ ಪೋಣಿಸಿಡಿ. ಚೈನು ಬಿಡಿಸಿ ಚಕ್ರ ಎತ್ತಿ. ಮೋಟರಿರುವುದರಿಂದ ಭಾರವಿರುತ್ತದೆ; ತಂತಿ ಹಿಡಿದು ಎತ್ತಬೇಡಿ. ಹೊಸ ಟ್ಯೂಬ್ ಹಾಕುವ ಮುನ್ನ ಟಯರಿನ ಒಳಗೆ ಬೆರಳಾಡಿಸಿ ಜಾಲಿಮುಳ್ಳು ಉಳಿದಿದೆಯೇ ನೋಡಿ.

ಕೂರಿಸುವಾಗ ಚೈನು ಹಲ್ಲಿಗೆ ಹಾಕಿ, ಅಚ್ಚು ಎರಡೂ ಬದಿಯಲ್ಲಿ ಸೀಳಿನ ತಳಮುಟ್ಟ ಕೂತಿದೆಯೇ ಕಣ್ಣಾರೆ ನೋಡಿ. ವಾಷರ್‌ಗಳಲ್ಲಿ ಒಂದಕ್ಕೆ ಪುಟ್ಟ ಕಿವಿಯಿರುತ್ತದೆ. ಅಚ್ಚು ತಿರುಗದಂತೆ ತಡೆಯುವುದು ಅದೇ. ಕಿವಿ ಸೀಳಿನೊಳಗೆ ಸೇರಲೇಬೇಕು. ತಂತಿ ಅಚ್ಚಿನಿಂದ ಕೆಳಮುಖವಾಗಿ ಹೊರಟು, ಕೊಂಚ ಜೋತು, ಮೇಲೇರಲಿ. ಮಳೆನೀರು ಮೋಟರಿನೊಳಗೆ ಇಳಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ನಟ್ಟುಗಳನ್ನು ಎರಡೂ ಬದಿ ಸ್ವಲ್ಪ ಸ್ವಲ್ಪವಾಗಿ, ಕೊನೆಗೆ ಸುಮಾರು 40 ನ್ಯೂಟನ್-ಮೀಟರ್ ಬಿಗಿಮಾಡಿ. ಒಂದಡಿ ಹಿಡಿಯ ತುದಿಗೆ 13 ಕಿಲೋ ತೂಕ ನೇತುಹಾಕಿದಷ್ಟು ಎಂದುಕೊಳ್ಳಿ. ಕಂಪನಿ ಬೇರೆ ಅಳತೆ ಕೊಟ್ಟಿದ್ದರೆ ಅದೇ ಸರಿ.

ಹತ್ತುವ ಮುನ್ನ ಬ್ರೇಕ್ ಹಿಡಿದು ನೋಡಿ. ಚಕ್ರ ಎತ್ತಿಹಿಡಿದು ಮೋಟರ್ ನಿಧಾನವಾಗಿ ತಿರುಗಿಸಿ ನೋಡಿ. ಮೊದಲ ಓಡಾಟದ ನಂತರ ನಟ್ಟುಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ.

ಪರೀಕ್ಷೆಯಲ್ಲಿ ಅಂಕ ತರುವ ನಿಯಮವೇ ದಾರಿಯಲ್ಲಿ ಪ್ರಾಣ ಕಾಯುತ್ತದೆ. ಅದನ್ನು ಕೈಯಿಂದಲೂ ಕಲಿಯಲಿ ಎಂದು ನಮ್ಮ ಬ್ಯಾಚಿನ ಪರವಾಗಿ ಶಾಲೆಯ ಪ್ರಯೋಗಾಲಯಕ್ಕೆ ಒಂದು ಸ್ಪ್ಯಾನರ್ ಸೆಟ್ ಕೊಡುತ್ತಿದ್ದೇವೆ. ಗುರುಗಳಲ್ಲಿ ಒಂದೇ ಬಿನ್ನಹ: ಅದು ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂರದಿರಲಿ. ಹುಡುಗರಷ್ಟೇ ಹುಡುಗಿಯರ ಕೈಗೂ ಗ್ರೀಸ್ ಮೆತ್ತಲಿ.