ಅರಬಿ ಓದಬಲ್ಲೆವು, ಅರ್ಥ ಬಲ್ಲೆವೇ?

(ಸಂಘದ ವಾರ್ಷಿಕ ಸಮಾವೇಶದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಭೆಯಲ್ಲಿರುವ ಬಹುತೇಕರು ಅರಬಿ ಓದಬಲ್ಲರು. ಮದ್ರಸದ ಉಸ್ತಾದರು 28 ಅಕ್ಷರಗಳನ್ನೂ ಉಚ್ಚಾರ ಸಮೇತ ಬಾಲ್ಯದಲ್ಲೇ ಕಲಿಸಿದ್ದಾರೆ. ಹೊಸದಾಗಿ ಕಲಿಯುವವರು ತಿಂಗಳುಗಟ್ಟಲೆ ಬೆವರು ಸುರಿಸುವ ಕೆಲಸ ನಮಗೆ ಆಗಲೇ ಮುಗಿದಿದೆ. ಆದರೆ ಓದಿದ್ದರ ಅರ್ಥ? ಅಲ್ಲಿಗೆ ನಾವು ನಿಂತುಬಿಟ್ಟಿದ್ದೇವೆ. ಉದ್ಯೋಗಕ್ಕಾಗಿ ಕೊಲ್ಲಿ ರಾಷ್ಟ್ರಗಳಿಗೆ ಹೊರಡುವ ನಮ್ಮ ಯುವಕರಿಗೆ ಈ ಅರ್ಧ ಕಲಿಕೆ ದುಬಾರಿಯಾಗಬಲ್ಲದು.

ಸೌದಿ ಅರೇಬಿಯಾದ ಕಾರ್ಮಿಕ ಕಾನೂನಿನ ಪ್ರಕಾರ ಉದ್ಯೋಗದ ಕರಾರು ಅರಬಿಯಲ್ಲಿರಬೇಕು. ಜೊತೆಗೆ ಇಂಗ್ಲಿಷ್ ಪ್ರತಿ ಇದ್ದರೂ, ಎರಡರ ನಡುವೆ ವ್ಯತ್ಯಾಸ ಬಂದರೆ ಊರ್ಜಿತವಾಗುವುದು ಅರಬಿ ಪಠ್ಯವೇ. ಇಂಗ್ಲಿಷ್ ಪುಟ ಮಾತ್ರ ನೋಡಿ ಸಹಿ ಹಾಕುವುದೆಂದರೆ ಓದದ ಕಾಗದಕ್ಕೆ ಸಹಿ ಹಾಕಿದಂತೆ.

ಕರಾರಿಗೆ ಅರಬಿಯಲ್ಲಿ 'ಅಕ್ದ್' ಎನ್ನುತ್ತಾರೆ. ನಿಕಾಹ್‌ನಲ್ಲಿ ನಾವು ಕೇಳುವ ಪದವೇ ಅದು. 'ರಾತಿಬ್' ಎಂದರೆ ಸಂಬಳ, 'ಇಜಾಝ' ಎಂದರೆ ರಜೆ. 'ರಾತಿಬ್ ಅಸಾಸಿ' ಅಂದರೆ ಮೂಲ ವೇತನ. ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯ ಲೆಕ್ಕ ಇದರ ಮೇಲೆಯೇ. ಅಂಕಿಗಳಲ್ಲೂ ಎಚ್ಚರವಿರಲಿ. ಅರಬಿಯ ಐದು ನಮ್ಮ ಸೊನ್ನೆಯಂತೆ ದುಂಡಗಿರುತ್ತದೆ, ಅವರ ಸೊನ್ನೆ ಬರೀ ಚುಕ್ಕೆ.

ಈ ಭಾಷೆ ನಮಗೆ ಪರಕೀಯವೇನಲ್ಲ. ಕರಾರು, ಬಾಕಿ, ವಸೂಲಿ, ಜಾಮೀನು, ವಕೀಲ, ಹಕ್ಕು - ಕನ್ನಡಿಗರೆಲ್ಲರೂ ದಿನನಿತ್ಯ ಬಳಸುವ ಈ ಪದಗಳ ಮೂಲ ಅರಬಿ. ಕಲಿಯಲು ಒಂದು ಸುಲಭ ದಾರಿಯೂ ಇದೆ. ಹೆಚ್ಚಿನ ಪದಗಳು ಮೂರಕ್ಷರದ ಧಾತುವಿನಿಂದ ಹುಟ್ಟುತ್ತವೆ. ಕ-ತ-ಬ ಎಂಬ ಧಾತುವಿನಿಂದ ಕಿತಾಬ್ (ಪುಸ್ತಕ), ಕಾತಿಬ್ (ಬರೆಯುವವನು), ಮಕ್ತಬ್ (ಕಚೇರಿ). ಒಂದು ಧಾತು ತಿಳಿದರೆ ಹತ್ತು ಪದ ಕೈಗೆ ಬರುತ್ತವೆ. ಆಡುಮಾತು ಮಾತ್ರ ಸ್ವಲ್ಪ ಬೇರೆ. ಗ್ರಂಥದ ಭಾಷೆಯಲ್ಲಿ 'ಕೈಫ ಹಾಲುಕ' ಎಂದು ಕ್ಷೇಮ ವಿಚಾರಿಸಿದರೆ ಕೊಲ್ಲಿಯ ಬೀದಿಯಲ್ಲಿ 'ಶ್ಲೋನಕ್' ಎನ್ನುತ್ತಾರೆ. ಅದರ ಅಕ್ಷರಶಃ ಅರ್ಥ, ನಿನ್ನ ಬಣ್ಣ ಹೇಗಿದೆ?

ಭಾಷೆಯ ಜೊತೆಗೆ ರೀತಿ ರಿವಾಜೂ ತಿಳಿದಿರಬೇಕು. ಅರಬರ ಕಚೇರಿಗೆ ಹೋದ ಕೂಡಲೇ ವ್ಯವಹಾರದ ಮಾತು ತೆಗೆಯಬಾರದು. ಮೊದಲು ಸಲಾಮ್, ಕ್ಷೇಮ ಸಮಾಚಾರ, ಬಳಿಕ 'ಗಹ್ವಾ' ಎಂಬ ಕಾಫಿ. ಪುಟ್ಟ ಬಟ್ಟಲನ್ನು ಬಲಗೈಯಲ್ಲೇ ಸ್ವೀಕರಿಸಬೇಕು. ಸಾಕೆನಿಸಿದಾಗ ಬಟ್ಟಲನ್ನು ಮೆಲ್ಲಗೆ ಅಲುಗಾಡಿಸಿ ಹಿಂತಿರುಗಿಸಬೇಕು. ಈ ಕಾಫಿ ಸತ್ಕಾರವನ್ನು 2015ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿಸಿದೆ. ಪಾದದ ಅಡಿ ಎದುರಿನವರಿಗೆ ಕಾಣುವಂತೆ ಕಾಲು ಚಾಚಿ ಕುಳಿತುಕೊಳ್ಳಬಾರದು. ಮಹಿಳೆಯರು ತಾವಾಗಿ ಕೈ ನೀಡದ ಹೊರತು ನಾವು ಕೈ ಚಾಚಬಾರದು.

ಆದರೆ ಶಿಷ್ಟಾಚಾರವೆಂದರೆ ಕಾಫಿ ಬಟ್ಟಲು ಮಾತ್ರವಲ್ಲ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವುದರ ಬಗ್ಗೆ ಗೊತ್ತೇ? ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಅಲ್ ಬಕರ ಅಧ್ಯಾಯದ 282ನೇ ಸೂಕ್ತ ಅದು. ಮೊತ್ತ ಸಣ್ಣದಿರಲಿ, ದೊಡ್ಡದಿರಲಿ ಬರೆಯಲು ಬೇಸರಿಸಬಾರದು, ಸಾಕ್ಷಿಗಳಿರಬೇಕು, ಹೊಣೆ ಹೊತ್ತವನೇ ಹೇಳಿ ಬರೆಯಿಸಬೇಕು ಎಂಬುದು ಅದರ ಸಾರ. ಈ ಸೂಕ್ತವನ್ನು ನಾವೆಷ್ಟು ಸಲ ಓದಿಲ್ಲ! ಆದರೂ ಏನು ಬರೆದಿದೆಯೆಂದು ತಿಳಿಯದೆ ಸಹಿ ಹಾಕುತ್ತೇವೆ, ಅಣ್ಣತಮ್ಮಂದಿರ ಪಾಲುದಾರಿಕೆಯನ್ನು ಬಾಯಿಮಾತಿನಲ್ಲೇ ನಡೆಸುತ್ತೇವೆ, ಕೊನೆಗೆ ಮನೆ ಮುರಿಯುತ್ತದೆ.

14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಪ್ರವಾಸಿ ಇಬ್ನ್ ಬತೂತ ಅಲ್ಲಿ ಬಾಲಕಿಯರಿಗೆ 13, ಬಾಲಕರಿಗೆ 23 ಶಾಲೆಗಳಿದ್ದುದನ್ನು ದಾಖಲಿಸಿದ್ದಾರೆ. ಅಂತಹ ಕರಾವಳಿಯವರು ನಾವು. ಆದ್ದರಿಂದ ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ: ವಾರಕ್ಕೊಂದು ಗಂಟೆ, ಗಂಡು ಹೆಣ್ಣು ಭೇದವಿಲ್ಲದೆ, ಅರ್ಥ ಸಹಿತ ಅರಬಿ ಕಲಿಸುವ ತರಗತಿ ಆರಂಭವಾಗಲಿ. ಮೊದಲ ಪಾಠಕ್ಕೆ ಒಂದು ಉದ್ಯೋಗದ ಕರಾರು ಪತ್ರವನ್ನೇ ಇಟ್ಟುಕೊಳ್ಳಿ. ವಿದ್ಯಾರ್ಥಿಗಳೇ, ನೀವು ದಿನಕ್ಕೆ ಐದು ಪದ ಕಲಿಯಿರಿ. ಪಾಸ್‌ಪೋರ್ಟ್ ಕೈಗೆ ಬರುವ ಮುನ್ನ ಭಾಷೆ ನಾಲಿಗೆಗೆ ಬರಲಿ.

ಅಲ್ಲಾಹನು ನಮ್ಮ ಅರಿವನ್ನು ಹೆಚ್ಚಿಸಲಿ. ವಸ್ಸಲಾಂ.