ಕಡಲ ಮೇಲೆ ನಾವಿಬ್ಬರು

ಮೈಸೂರಿನವರಿಗೂ ಸಮುದ್ರಕ್ಕೂ ಹೇಳಿಕೊಳ್ಳುವಂಥ ನಂಟೇನೂ ಇಲ್ಲ. ನಮ್ಮ ಊರು ಕಡಲ ಮಟ್ಟದಿಂದ ಸುಮಾರು 770 ಮೀಟರು ಎತ್ತರದಲ್ಲಿದೆ. ಘಟ್ಟ ಇಳಿದ ಹೊರತು ಕಡಲಿನ ದರ್ಶನವಿಲ್ಲ. ನೀರೆಂದರೆ ನಮಗೆ ಕುಕ್ಕರಹಳ್ಳಿ ಕೆರೆ, ಹೆಚ್ಚೆಂದರೆ ಕನ್ನಂಬಾಡಿ. ಒಂಟಿಕೊಪ್ಪಲಿನಲ್ಲಿ ಹುಟ್ಟಿ ಬೆಳೆದು, ಮದುವೆಯಾದ ಮೇಲೆ ಪಕ್ಕದ ಗೋಕುಲಕ್ಕೆ ಬಂದು ನೆಲೆಸಿದ ನಾನು ಹಡಗಿನ ವಿಹಾರದ ಮಾತೆತ್ತಿದರೆ ಕೇಳುವವರಿಗೆ ನಗು ಬಂದೀತು. ಆದರೂ ಈ ಇಪ್ಪತ್ತೈದು ವರ್ಷಗಳಲ್ಲಿ ನಾನೂ ನಮ್ಮ ಯಜಮಾನರೂ ಮೂರು ಸಲ ಹಡಗು ಹತ್ತಿ ಇಳಿದಿದ್ದೇವೆ. ಆ ನೆನಪುಗಳನ್ನು ಇಲ್ಲಿ ಹಂಚಿಕೊಳ್ಳಬೇಕೆಂದಿದ್ದೇನೆ.

ನಮ್ಮ ಅಜ್ಜಿಯ ಕಾಲದಲ್ಲಿ ಕಡಲು ದಾಟಿ ಬಂದವನಿಗೆ ಪ್ರಾಯಶ್ಚಿತ್ತ ಮಾಡಿಸುತ್ತಿದ್ದರಂತೆ. ಕಾಶಿಗೆ ಹೋಗಿ ಬಂದವರ ಕಾಲಿಗೆ ಬೀಳುವುದು, ಸೀಮೆಗೆ ಹೋಗಿ ಬಂದವರನ್ನು ಪಂಕ್ತಿಯಿಂದ ಎಬ್ಬಿಸುವುದು, ಎರಡೂ ಒಂದೇ ಕೇರಿಯಲ್ಲಿ ನಡೆಯುತ್ತಿದ್ದವು. ಆಮೇಲೆ ಓದಿಗಾಗಿ ಹಡಗು ಹತ್ತುವ ಕಾಲ ಬಂತು. ವಿನಾಯಕ ಕೃಷ್ಣ ಗೋಕಾಕರು ಹಾಗೆ ಇಂಗ್ಲೆಂಡಿಗೆ ಹೋದವರು. ಅವರ 'ಸಮುದ್ರ ಗೀತೆಗಳು' 1940ರಲ್ಲಿ ಅಚ್ಚಾಯಿತು. ಪಾಪದ ಭಯ ಹೋಗಿ ಓದಿನ ಆಸೆ ಬಂದಿತ್ತು. ಕೆಲಸವಿಲ್ಲದೆ, ಸುಮ್ಮನೆ ಸಂತೋಷಕ್ಕಾಗಿ ಗಂಡಹೆಂಡಿರು ಹಡಗು ಹತ್ತುವುದು ನಮ್ಮ ತಲೆಮಾರಿನವರಿಗೆ ಸಿಕ್ಕ ಭಾಗ್ಯ.

ಹಡಗಿನ ವಿಹಾರವೆಂದರೇನು ಎಂದು ನೆರೆಮನೆಯವರು ಕೇಳುವುದುಂಟು. ರೈಲು, ಬಸ್ಸುಗಳು ನಮ್ಮನ್ನು ಒಂದು ಊರಿಗೆ ಮುಟ್ಟಿಸಿ ತಮ್ಮ ಪಾಡಿಗೆ ತಾವು ಹೋಗುತ್ತವೆ. ವಿಹಾರದ ಹಡಗಾದರೋ ತಾನೇ ಒಂದು ಊರು. ಊಟ, ನಿದ್ದೆ, ಸಂಗೀತ, ವೈದ್ಯರು ಎಲ್ಲವೂ ಅದರೊಳಗೇ ಇರುತ್ತವೆ. ರಾತ್ರಿ ಮಲಗಿದಾಗ ಒಂದು ಬಂದರು, ಬೆಳಿಗ್ಗೆ ಎದ್ದಾಗ ಇನ್ನೊಂದು. ಪೆಟ್ಟಿಗೆ ಕಟ್ಟುವ, ಬಿಚ್ಚುವ ಗೋಳಿಲ್ಲ.

ನಮ್ಮ ಮೊದಲ ಪಯಣ ಲಕ್ಷದ್ವೀಪಕ್ಕೆ, 1998ರ ಜನವರಿಯಲ್ಲಿ. ಅಲ್ಲಿಗೆ ಹೋಗಲು ಸರ್ಕಾರದ ಪರವಾನಗಿ ಬೇಕು. ಅದು ಕೈಗೆ ಬಂದ ಮೇಲೆ ಕೊಚ್ಚಿಗೆ ಹೋದೆವು. ಕಟ್ಟೆಯ ಪಕ್ಕದಲ್ಲಿ ನಿಂತಿದ್ದ ಹಡಗಿನ ಹೆಸರು ಓದಿ ಯಜಮಾನರು ಗಟ್ಟಿಯಾಗಿ ನಕ್ಕರು. ಅದರ ಹೆಸರು 'ಟಿಪ್ಪು ಸುಲ್ತಾನ್'.

"ಶ್ರೀರಂಗಪಟ್ಟಣದ ಮಗ್ಗುಲಲ್ಲೇ ಇದ್ದುಕೊಂಡು, ಟಿಪ್ಪುವನ್ನು ನೋಡಲು ಕೊಚ್ಚಿಯ ತನಕ ಬರಬೇಕಾಯಿತಲ್ಲೇ!" ಎಂದರು.

ಆ ಹೆಸರಿಗೆ ಕಾರಣವಿಲ್ಲದೆ ಇಲ್ಲ. ಲಕ್ಷದ್ವೀಪದ ಉತ್ತರ ಭಾಗದಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ದ್ವೀಪಗಳಿವೆ. 18ನೆಯ ಶತಮಾನದ ಕೊನೆಯಲ್ಲಿ ಅವು ಕಣ್ಣಾನೂರಿನ ಅರಕ್ಕಲ್ ಮನೆತನದ ಕೈಬಿಟ್ಟು ಟಿಪ್ಪುವಿನ ಆಳ್ವಿಕೆಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರ ಅವನ್ನು ವಶಪಡಿಸಿಕೊಂಡು ಮಂಗಳೂರಿನಿಂದ ಆಳಿತು. ಅಮಿನ್‌ದೀವಿ ಎಂಬ ಹೆಸರಿನ ಈ ಗುಂಪು 1956ರ ನವೆಂಬರ್ 1ರ ವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಕನ್ನಡ ನಾಡು ಒಂದಾದ ದಿನವೇ ಈ ದ್ವೀಪಗಳು ನಮ್ಮ ಜಿಲ್ಲೆಯಿಂದ ಬೇರೆಯಾಗಿ ಕೇಂದ್ರಾಡಳಿತಕ್ಕೆ ಸೇರಿದವು. ಹಡಗಿನ ಕಟಕಟೆಗೆ ಒರಗಿಕೊಂಡು ಯಜಮಾನರು ಇದನ್ನೆಲ್ಲ ಹೇಳಿದಾಗ, ಗುರುತಿಲ್ಲದ ನೀರಿನಲ್ಲಿ ಹಳೆಯ ನೆಂಟರ ಮನೆ ಸಿಕ್ಕಂತಾಯಿತು.

ಆ ಪಯಣದಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ಎಂಬ ಮೂರು ದ್ವೀಪಗಳನ್ನು ಕಂಡೆವು. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ಹವಳದ ದಿಬ್ಬಗಳಿರುವುದರಿಂದ ಹಡಗು ದಡದ ಹತ್ತಿರ ಹೋಗುವಂತಿಲ್ಲ, ನಡುಗಡಲಿನಲ್ಲಿ ನಿಲ್ಲುತ್ತದೆ. ಅದರ ಪಕ್ಕದ ಬಾಗಿಲಿನಿಂದ ಸಣ್ಣ ದೋಣಿಗೆ ಇಳಿಯಬೇಕು. ಅಲೆ ಎದ್ದಾಗ ದೋಣಿ ಬಾಗಿಲಿನ ಮಟ್ಟಕ್ಕೆ ಬರುತ್ತದೆ, ಮರುಕ್ಷಣ ಆಳೆತ್ತರ ಕೆಳಗಿರುತ್ತದೆ. ಸೀರೆಯುಟ್ಟ ನಾನು ಬಾಗಿಲಿನಲ್ಲಿ ನಿಂತು, ಮನೆದೇವರನ್ನು ನೆನೆದು, "ರೀ, ನಾನು ಇಲ್ಲೇ ಇರುತ್ತೇನೆ, ನೀವು ನೋಡಿಕೊಂಡು ಬನ್ನಿ" ಎಂದೆ. ಅವರು ಮಾತಾಡಲಿಲ್ಲ. ಮುಂದಾಗಿ ದೋಣಿಗೆ ಇಳಿದು, ಎರಡು ಕೈಯನ್ನೂ ಮೇಲಕ್ಕೆ ಚಾಚಿ ನಿಂತರು. ದೋಣಿ ಮೇಲೆದ್ದ ಒಂದು ಗಳಿಗೆಯಲ್ಲಿ ನಾನು ಹೆಜ್ಜೆಯಿಟ್ಟೆ. ಮದುವೆಯ ಮಂಟಪದಲ್ಲಿ ಹಿಡಿದದ್ದಕ್ಕಿಂತ ಬಿಗಿಯಾಗಿ ಅಂದು ಕೈ ಹಿಡಿದರು!

ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕೂತು ನೋಡಿದ ಹವಳದ ತೋಟವನ್ನು ಏನೆಂದು ಬಣ್ಣಿಸಲಿ? ಹೊಂಬಣ್ಣ, ನೇರಿಳೆ, ಎಳೆಹಸಿರು. ನಮ್ಮ ದೇವರಾಜ ಮಾರುಕಟ್ಟೆಯ ಹೂವಿನ ಸಾಲನ್ನು ನೀರಿನೊಳಗೆ ಇಟ್ಟ ಹಾಗಿತ್ತು. ಹವಳವೆಂಬುದು ಸಣ್ಣ ಸಣ್ಣ ಜೀವಿಗಳು ಕಟ್ಟಿದ ಮನೆ. ಆ ಜೀವಿಗಳ ಮೈಯೊಳಗೆ ವಾಸಿಸುವ ಕಣ್ಣಿಗೆ ಕಾಣದ ಪಾಚಿಯೇ ಅವಕ್ಕೆ ಬಣ್ಣವನ್ನೂ ಹೆಚ್ಚಿನ ಆಹಾರವನ್ನೂ ಕೊಡುತ್ತದೆ. ಕಡಲು ಅತಿಯಾಗಿ ಬಿಸಿಯೇರಿದರೆ ಹವಳ ಆ ಪಾಚಿಯನ್ನು ಹೊರಗೆ ಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಸಾಯುತ್ತದೆ. ನಾವು ನೋಡಿ ಬಂದ ಅದೇ 1998ರ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳ ಹೀಗೆ ಬೆಳ್ಳಗಾಗಿ ಬಹುಪಾಲು ಸತ್ತುಹೋಯಿತು. ಮತ್ತೆ ಚಿಗುರುತ್ತಿದ್ದಾಗ 2010ರಲ್ಲೂ 2016ರಲ್ಲೂ ಅದೇ ಹೊಡೆತ ಬಿತ್ತು. ಆ ಜನವರಿಯ ಬಣ್ಣವನ್ನು ನಾವಿಬ್ಬರೂ ಒಟ್ಟಿಗೆ ನೋಡಿದ್ದೇವೆ. ಅದು ನೇರಿಳೆಯೆಂದು ನಾನು, ನೀಲಿಯೆಂದು ಅವರು. ಇವತ್ತಿಗೂ ವಾದ ಮುಗಿದಿಲ್ಲ. ತೀರ್ಪು ಕೇಳೋಣವೆಂದರೆ ಸಾಕ್ಷಿ ಹೇಳಬೇಕಾದ ಹವಳವೇ ಉಳಿದಿಲ್ಲ.

ಎರಡನೆಯ ಪಯಣ ಸಿಂಗಪುರದಿಂದ, 2009ರಲ್ಲಿ. ಯಜಮಾನರು ನಿವೃತ್ತರಾದಾಗ ಮಕ್ಕಳು ಕೊಡಿಸಿದ್ದು. ಹಡಗಿನ ಹೆಸರು 'ಸೂಪರ್‌ಸ್ಟಾರ್ ವರ್ಗೊ'. 75 ಸಾವಿರ ಟನ್ನಿನದು. ಇಲ್ಲಿ ಟನ್ನೆಂದರೆ ಹಡಗಿನ ತೂಕವೆಂದು ತಿಳಿಯಬಾರದು. ಹಡಗಿನ ಒಳಗಿನ ಜಾಗದ ಅಳತೆ ಅದು. ಪೆನಾಂಗ್, ಫುಕೆಟ್ ಬಂದರುಗಳನ್ನು ನೋಡಿಸಿಕೊಂಡು ಮರಳಿ ಕರೆತಂದಿತು. ಅಲ್ಲಿನ ವೈಭವವನ್ನು ವಿವರಿಸುವುದಿಲ್ಲ. ಜೂಜಿನ ಕೋಣೆಯ ಬಾಗಿಲಿನವರೆಗೆ ಹೋಗಿ, ಧರ್ಮರಾಯನನ್ನು ನೆನೆದು ಹಿಂತಿರುಗಿದೆವು.

ಎಲ್ಲ ಹಡಗಿನಲ್ಲೂ ಪಯಣದ ಆರಂಭದಲ್ಲೇ ಒಂದು ಕವಾಯತು ಮಾಡಿಸುತ್ತಾರೆ. ಗಂಟೆ ಬಾರಿಸಿದೊಡನೆ ಯಾವ ಕಡೆಗೆ ಓಡಬೇಕು, ತೇಲುವ ಅಂಗಿಯನ್ನು ಹೇಗೆ ತೊಡಬೇಕು ಎಂಬ ಪಾಠ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದಿಂದ ಬೆಳೆದು ಬಂದ ಕಟ್ಟಳೆಗಳಿವು. ಕಿತ್ತಳೆ ಬಣ್ಣದ ಅಂಗಿ ತೊಟ್ಟು ನಿಂತ ನಮ್ಮ ಯಜಮಾನರು ದಸರೆಯಲ್ಲಿ ಜೂಲು ಹೊದ್ದ ಪಟ್ಟದಾನೆಯಂತೆ ಕಾಣುತ್ತಿದ್ದರು. ನಾನು ಹೇಗೆ ಕಾಣುತ್ತಿದ್ದೆನೆಂದು ಅವರನ್ನು ಕೇಳಲು ಹೋಗಲಿಲ್ಲ.

ಮೂರನೆಯ ಪಯಣದ ಮಾತಿಗೆ ಮುಂಚೆ ಅವರ ಹುಟ್ಟೂರಿನ ವಿಷಯ ಹೇಳಬೇಕು. ನಮ್ಮವರು ಕುಂದಾಪುರದ ಕಡೆಯವರು. ನಮ್ಮ ಮಾವನವರು ಮುಂಬಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ಆಗ ಕರಾವಳಿಯ ನದಿಗಳಿಗೆ ಸೇತುವೆಗಳು ಕಡಿಮೆ. ಪ್ರತಿಯೊಂದು ಹೊಳೆಯ ದಡದಲ್ಲೂ ಇಳಿದು ದೋಣಿ ಕಾಯಬೇಕು. ಆದ್ದರಿಂದ ಮುಂಬಯಿಗೆ ಹೋಗುವವರಿಗೆ ಕಡಲೇ ಹೆದ್ದಾರಿ. ಮಂಗಳೂರಿನಿಂದ ಮುಂಬಯಿಗೆ ಹೊಗೆಹಡಗು ಹೋಗುತ್ತಿತ್ತು. ಕರಾವಳಿಯವರ ಬಾಯಲ್ಲಿ ಅದು ಆಗಬೋಟು. ಹಳೆಯ ಬಂದರಿನಲ್ಲಿ ನೀರಿನ ಆಳ ಸಾಲದೆ ಆಗಬೋಟು ದೂರದಲ್ಲೇ ಲಂಗರು ಹಾಕುತ್ತಿತ್ತು. ಜನ ದೋಣಿಯಲ್ಲಿ ಹೋಗಿ ಹತ್ತಬೇಕು. ಬಡವರಿಗೆ ಕೋಣೆಯಿಲ್ಲ, ಮೇಲಟ್ಟದ ಹಲಗೆಯ ಮೇಲೆ ಚಾಪೆ. ಮಳೆಗಾಲಕ್ಕೆ ಆಗಬೋಟು ನಿಲ್ಲುತ್ತಿತ್ತು. ಮಳೆ ಹಿಡಿಯುವುದರೊಳಗೆ ಮನೆ ಸೇರದವರು ಚೌತಿ ಕಳೆಯುವ ತನಕ ಮುಂಬಯಿಯಲ್ಲೇ ಉಳಿಯಬೇಕು. ನಮ್ಮ ಅತ್ತೆಯವರು ಆಗಬೋಟನ್ನು ಕಣ್ಣಾರೆ ಕಂಡವರಲ್ಲ. ಆದರೆ ಅದು ಹೊರಡುವ ದಿನ, ನಿಲ್ಲುವ ದಿನ ಅವರಿಗೆ ಪಂಚಾಂಗದ ಹಬ್ಬಗಳಷ್ಟೇ ಬಾಯಿಪಾಠವಾಗಿತ್ತು.

ಮಾವನವರು ಮಗನಿಗೆ ಒಂದು ಮಾತು ಹೇಳುತ್ತಿದ್ದರಂತೆ. ಮಂಗಳೂರು ಬಿಟ್ಟ ಮೇಲೆ ಆಗಬೋಟು ನಮ್ಮ ಊರಿನ ನೇರಕ್ಕೆ ಬರುತ್ತದೆ. ಆಗ ನಾನು ಎದ್ದು ಕೂರುತ್ತೇನೆ. ಕತ್ತಲೆಯಲ್ಲಿ ಒಂದು ದೀಪ ಹುಡುಕಿ, ಅದೇ ನಮ್ಮ ಮನೆಯ ದೀಪವೆಂದುಕೊಂಡು ಮಲಗುತ್ತೇನೆ ಎಂದು. ಹುಡುಗನಾಗಿದ್ದ ನಮ್ಮವರು, ಅಪ್ಪ ಮುಂಬಯಿಗೆ ಹೊರಟ ರಾತ್ರಿ ಜಗಲಿಯ ಲಾಟೀನು ಆರದಂತೆ ನೋಡಿಕೊಳ್ಳುತ್ತಿದ್ದರಂತೆ. ಕಾಲ ಕಳೆದಂತೆ ರಸ್ತೆ, ಸೇತುವೆಗಳಾಗಿ ಮಂಗಳೂರಿನ ಆಗಬೋಟು ನಿಂತಿತು. 1998ರ ಜನವರಿ 26ರಂದು ಕೊಂಕಣ ರೈಲಿನ ದಾರಿ ಪೂರ್ತಿಯಾಗಿ ತೆರೆಯಿತು. ಮಾವನವರು ಅದನ್ನು ನೋಡಲು ಇರಲಿಲ್ಲ.

2022ರ ಡಿಸೆಂಬರಿನಲ್ಲಿ ನಾವು ಕೊಚ್ಚಿಯಲ್ಲಿ 'ಎಂಪ್ರೆಸ್' ಎಂಬ ವಿಹಾರದ ಹಡಗು ಹತ್ತಿ ಮುಂಬಯಿಗೆ ಹೊರಟೆವು. 1990ರಲ್ಲಿ ಸಂಚಾರ ಆರಂಭಿಸಿದ ಈ ಹಡಗು ಹೊರದೇಶಗಳ ಕಡಲಿನಲ್ಲಿ ಓಡಾಡಿ, 2021ರಲ್ಲಿ ನಮ್ಮ ತೀರಕ್ಕೆ ಬಂದದ್ದು. ಅದರ ವೇಗ ಗಂಟೆಗೆ ಸುಮಾರು 35 ಕಿಲೋಮೀಟರು. ಗೋಕುಲದ ಬೀದಿಯಲ್ಲಿ ಸ್ಕೂಟರು ಹೋಗುವಷ್ಟು. ಅಲೆಗೆ ಹೊಯ್ದಾಡದಂತೆ ಇಂಥ ಹಡಗುಗಳ ಹೊಟ್ಟೆಯ ಎರಡು ಪಕ್ಕಕ್ಕೂ ಮೀನಿನ ರೆಕ್ಕೆಯಂಥ ಹಲಗೆಗಳಿರುತ್ತವೆ. ಆದರೂ ತಲೆಸುತ್ತು ಬರುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೋಣೆ ಹಿಡಿಯುವುದು ಲೇಸು. ಅಲ್ಲಿ ಅಲುಗಾಟ ಕಡಿಮೆ. ಕಿಟಕಿಯಿಲ್ಲದ ಕೋಣೆಗೆ ಬೆಲೆಯೂ ಕಡಿಮೆ. ಕಡಲು ನೋಡಲು ಮೇಲಟ್ಟ ಇದ್ದೇ ಇದೆ.

ಬೆಳಗಿನ ಜಾವ ಎಚ್ಚರವಾದಾಗ ಪಕ್ಕದಲ್ಲಿ ಯಜಮಾನರಿಲ್ಲ. ಗಾಬರಿಯಿಂದ ಮೇಲೆ ಹೋಗಿ ನೋಡಿದೆ. ಬಲಗಡೆಯ ಕಟಕಟೆ ಹಿಡಿದು ಪೂರ್ವಕ್ಕೆ ಮುಖಮಾಡಿ ನಿಂತಿದ್ದರು. ಹಡಗಿನ ಸಿಬ್ಬಂದಿಯವನೊಬ್ಬ ಮಂಗಳೂರು ದಾಟಿತೆಂದು ಹೇಳಿದನಂತೆ. ದೂರದಲ್ಲಿ ದೀಪಗಳ ಸಾಲು ಕಾಣುತ್ತಿತ್ತು. ಅದು ಮೀನುಗಾರರ ದೋಣಿಗಳದೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ದಡ ಅಲ್ಲಿಂದ ಕಾಣುವಂತಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, ಒಂದು ದೀಪವನ್ನು ತೋರಿಸಿ, "ಅದಾಗಿರಬೇಕು" ಎಂದರು. ನಾನು "ಹೌದು" ಎಂದೆ. ಬೆಳಕು ಹರಿಯುವ ತನಕ ಅಲ್ಲೇ ನಿಂತಿದ್ದೆವು. ಅಪ್ಪ ಹೊಟ್ಟೆಪಾಡಿಗಾಗಿ ಒಬ್ಬನೇ ಚಾಪೆಯ ಮೇಲೆ ಮಲಗಿ ಹೋದ ದಾರಿಯಲ್ಲಿ ಮಗ ಹೆಂಡತಿಯೊಡನೆ ಸುಖವಾಗಿ ಹೋಗುತ್ತಿದ್ದ. ಆ ಸುಖದಲ್ಲಿ ಒಂದು ಋಣವಿದ್ದುದು ನನಗೆ ಅಂದು ತಿಳಿಯಿತು.

ಹಡಗಿನ ಮೇಲೆ ನಾವು ನೋಡಿದ ಊರುಗಳ ಹೆಸರು ಎಷ್ಟೋ ಮರೆತಿದೆ. ಮರೆಯದೆ ಉಳಿದಿರುವುದು ಹೀಗೆ ಅಕ್ಕಪಕ್ಕ ನಿಂತ ಹೊತ್ತುಗಳು. ಸಂಸಾರದಲ್ಲಿ ಗಂಡಹೆಂಡಿರು ಎದುರುಬದುರಾಗಿ ಕೂರುವುದು ಜಗಳಕ್ಕೆ ಅಥವಾ ಲೆಕ್ಕ ಬರೆಯುವುದಕ್ಕೆ. ಉಳಿದಂತೆ ಅವರಿಗೆ ಕಚೇರಿ, ನಮಗೆ ಅಡಿಗೆಮನೆ. ಇಬ್ಬರಿಗೂ ಏನೂ ಕೆಲಸವಿಲ್ಲದೆ, ಒಂದೇ ದಿಕ್ಕಿಗೆ ನೋಡುತ್ತ ಕೂರುವ ನಾಲ್ಕು ದಿನ ಮನೆಯಲ್ಲಿ ಸಿಕ್ಕುವುದು ದುರ್ಲಭ. ಹಡಗಿನಲ್ಲಿ ಬಾಗಿಲಿಗೆ ಹಾಲಿನವನು ಬರುವುದಿಲ್ಲ. ರಾತ್ರಿಗೇನು ಸಾರು ಎಂದು ಯಾರೂ ಕೇಳುವುದಿಲ್ಲ.

ಮಂಗಳೂರಿನ ಪಣಂಬೂರಿನಲ್ಲಿ ಹೊಸ ಬಂದರು ತೆರೆದದ್ದರಿಂದ ಈಗ ದೊಡ್ಡ ಹಡಗುಗಳು ಕಟ್ಟೆಗೇ ಬಂದು ನಿಲ್ಲುತ್ತವೆ. ಮಳೆಗಾಲ ಕಳೆದ ಮೇಲೆ ವಿದೇಶದ ವಿಹಾರದ ಹಡಗುಗಳು ಬರುತ್ತವೆ. ಅದರ ಜನ ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನಗಳನ್ನು ನೋಡಿ ಸಂಜೆಗೆ ಹೊರಟುಬಿಡುತ್ತಾರೆ. ಕನ್ನಡದ ದಂಪತಿಗಳು ಅಲ್ಲಿಂದಲೇ ವಿಹಾರಕ್ಕೆ ಹೊರಡುವ ಕಾಲವೂ ಬರಲೆಂದು ನನ್ನ ಆಸೆ.

ನಮ್ಮ ಗೋಕುಲದಲ್ಲಿ ಮನೆಮನೆಗೂ ನಮ್ಮಂಥ ಮುದುಕ ಮುದುಕಿಯರಿದ್ದಾರೆ. ಮಕ್ಕಳು ದೂರದಲ್ಲಿದ್ದಾರೆ, ಕೈಯಲ್ಲಿ ನಾಲ್ಕು ಕಾಸೂ ಇದೆ. ಎಲ್ಲಿಗಾದರೂ ಹೋಗಿ ಬನ್ನಿ ಎಂದರೆ, "ಮುಂದಿನ ವರ್ಷ ನೋಡೋಣ" ಎನ್ನುತ್ತಾರೆ. ಹಾಗೆಂದವರಲ್ಲಿ ಕೆಲವರ ಮನೆಯಲ್ಲಿ ಈಗ ಒಬ್ಬರೇ ಉಳಿದಿದ್ದಾರೆ. ಯಜಮಾನರ ಮಂಡಿಯ ದೆಸೆಯಿಂದ ನಾವು ಇನ್ನು ಹಡಗು ಹತ್ತಲಾರೆವು; ಹತ್ತಿದ್ದಷ್ಟಕ್ಕೆ ತೃಪ್ತಿಯಿದೆ. ಹಡಗೇ ಆಗಬೇಕೆಂದಿಲ್ಲ, ಕಾವೇರಿಯ ದಡವಾದರೂ ಸರಿಯೆ, ಕುಕ್ಕರಹಳ್ಳಿ ಕೆರೆಯ ಏರಿಯಾದರೂ ಸರಿಯೆ. ಇಬ್ಬರೂ ಇರುವಾಗಲೇ ಹೋಗಿ ಕೂತುಕೊಳ್ಳಿ. ಬಣ್ಣ ನೇರಿಳೆಯೋ ನೀಲಿಯೋ ಎಂದು ವಾದ ಮಾಡಲು ಇಬ್ಬರು ಬೇಕು.